ಕುಳಿಯಿಲ್ಲದ ಹೊತ್ತು

ಆ ಗಾಲ್ಫ್ ಮೈದಾನದಲ್ಲಿ ಮಣ್ಣು ನಡೆಯುತ್ತಿತ್ತು, ದಿನಕ್ಕೊಂದು ಹೆಜ್ಜೆ. ಹಾಗೆ ನಡೆಯುವುದು ಅದನ್ನು ನಡೆಸುತ್ತಿದ್ದವರಿಗೂ ಅವರ ಮಗಳಿಗೂ ಬಿಟ್ಟರೆ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ.

ನಡೆಸುತ್ತಿದ್ದವರು ಅಲ್ಲಿಯ ಹುಲ್ಲು ಮೇಸ್ತ್ರಿ. ಮೈದಾನದ ಹದಿನೆಂಟು ಕಡೆ, ಚೆಂಡು ಕೊನೆಗೆ ಬಂದು ಸೇರಬೇಕಾದಲ್ಲಿ, ಜಮಖಾನದ ಹಾಗೆ ಒತ್ತಾಗಿ ಕತ್ತರಿಸಿದ ಹುಲ್ಲಿನ ಅಂಗಳವಿರುತ್ತದೆ. ಅದಕ್ಕೆ ಗ್ರೀನ್ ಎನ್ನುತ್ತಾರೆ. ಪ್ರತಿ ಗ್ರೀನಿನಲ್ಲೂ ಒಂದೇ ಒಂದು ಕುಳಿ, ಕುಳಿಯಲ್ಲೊಂದು ಬಾವುಟದ ಕೋಲು. ಕುಳಿ ಒಂದೇ ಕಡೆ ಇದ್ದರೆ ಸುತ್ತಲಿನ ಹುಲ್ಲು ಕಾಲ್ತುಳಿತಕ್ಕೆ ಸಿಕ್ಕು ಸಾಯುತ್ತದೆ. ಆದ್ದರಿಂದ ದಿನಾ ಬೆಳಿಗ್ಗೆ ಹಳೆಯದನ್ನು ಮುಚ್ಚಿ ಬೇರೆ ಕಡೆ ಹೊಸದನ್ನು ಕೊರೆಯಬೇಕು. ಕೊರೆಯುವ ಕೊಳವೆಯನ್ನು ಮೇಲಕ್ಕೆಳೆದಾಗ ಹುಲ್ಲುಸಮೇತ ಗೇಣುದ್ದದ ಮಣ್ಣಿನ ಬಿರಡೆಯೊಂದು ಎದ್ದು ಬರುತ್ತದೆ. ಬೇರೆ ಮೈದಾನಗಳಲ್ಲಿ ಅದನ್ನು ಅಲ್ಲೇ ಪಕ್ಕದ ಹಳೆಯ ಕುಳಿಗೆ ತುರುಕಿ ಕೈ ಕೊಡವಿಕೊಳ್ಳುತ್ತಾರೆ. ಮೇಸ್ತ್ರಿಯದು ಬೇರೆ ರೀತಿ. ಒಂದನೆಯ ಗ್ರೀನಿನ ಬಿರಡೆಯನ್ನು ಬಕೆಟ್ಟಿನಲ್ಲಿಟ್ಟುಕೊಂಡು ಎರಡನೆಯದಕ್ಕೆ ಹೋಗುತ್ತಿದ್ದರು. ಅದರಿಂದ ಅಲ್ಲಿಯ ಹಳೆಯ ಕುಳಿ ಮುಚ್ಚಿ, ಅಲ್ಲಿ ಹೊಸದಾಗಿ ಎದ್ದ ಬಿರಡೆಯನ್ನು ಮೂರನೆಯದಕ್ಕೆ ಒಯ್ಯುತ್ತಿದ್ದರು. ಹದಿನೆಂಟನೆಯದರ ಬಿರಡೆ ಶೆಡ್ಡಿನ ಹಿಂದೆ ಒದ್ದೆ ಗೋಣಿಯೊಳಗೆ ಮಲಗಿದ್ದು ಮರುದಿನ ಬೆಳಿಗ್ಗೆ ಒಂದನೆಯ ಗ್ರೀನಿಗೆ ಬರುತ್ತಿತ್ತು.

"ಯಾಕಪ್ಪಾ ಇಷ್ಟು ದೂರ ಹೊರ್ತೀಯ?" ಏಳು ವರ್ಷದ ಮಗಳು ಒಂದು ದಿನ ಕೇಳಿದಳು.

"ಒಂದೇ ಮನೇಲಿ ಕೂತಿದ್ರೆ ನೆಂಟರಿಗೇ ಬೇಜಾರಾಗುತ್ತೆ. ಮಣ್ಣಿಗೆ ಆಗಲ್ವಾ? ಸ್ವಲ್ಪ ಓಡಾಡ್ಕೊಂಡಿರಲಿ."

"ತಿರುಗಿ ಇಲ್ಲಿಗೇ ಬರುತ್ತಾ?"

"ಬರುತ್ತೆ. ಬರೋ ಹೊತ್ತಿಗೆ ಎಲ್ಲರ ಮನೆ ಸುದ್ದಿನೂ ತಿಳ್ಕೊಂಡಿರುತ್ತೆ, ನಿಮ್ಮಮ್ಮನ ಹಾಗೆ."

ಅಮ್ಮ ಅದೇ ಮೈದಾನದ ಬಾವುಟಗಳನ್ನು ಹೊಲಿಯುತ್ತಿದ್ದಳು. ಶೆಡ್ಡಿಗೆ ಅಂಟಿಕೊಂಡ ಎರಡು ಕೋಣೆಯ ಮನೆಯಲ್ಲಿ ಕಿಟಕಿಯ ಪಕ್ಕ ಅವಳ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಒಂದರಿಂದ ಹದಿನೆಂಟರವರೆಗೆ ಅಂಕಿ ಹಾಕಿದ ಬಟ್ಟೆಗಳು. ಮಗಳು ಎಣಿಕೆ ಕಲಿತದ್ದು ಆ ಗೋಡೆಯಿಂದಲೇ. ಹತ್ತೊಂಬತ್ತು ಅನ್ನುವ ಅಂಕಿಯೂ ಇದೆ ಎಂದು ಶಾಲೆಗೆ ಹೋದ ಮೇಲೆ ಗೊತ್ತಾಗಿ ಅವಳಿಗೆ ಆಶ್ಚರ್ಯವಾಗಿತ್ತಂತೆ.

ಮೇಸ್ತ್ರಿಯ ಈ ರೀತಿಯಿಂದ ಒಂದು ವಿಚಿತ್ರ ಹೊತ್ತು ಹುಟ್ಟುತ್ತಿತ್ತು. ತಂದ ಬಿರಡೆಯಿಂದ ಹಳೆಯ ಕುಳಿಯನ್ನು ಮೊದಲು ಮುಚ್ಚುತ್ತಿದ್ದರು. ಆಮೇಲೆ ಇಬ್ಬನಿ ಬಡಿಯಬೇಕು, ಹುಲ್ಲು ಕತ್ತರಿಸಬೇಕು, ಅದಾದ ನಂತರವೇ ಹೊಸ ಕುಳಿ. ಆ ನಡುವಿನ ಕಾಲು ಗಂಟೆ ಗ್ರೀನಿನಲ್ಲಿ ಕುಳಿಯೇ ಇರುತ್ತಿರಲಿಲ್ಲ. ಬಾವುಟವನ್ನು ಪಕ್ಕಕ್ಕೆ ಮಲಗಿಸಿರುತ್ತಿದ್ದರು. ಇನ್ನೂ ಬಣ್ಣ ಬಾರದ ಬೆಳಕಿನಲ್ಲಿ ಆ ಅಂಗಳ ಬೂದುಬಿಳುಪಾಗಿ, ಯಾರೂ ಬರೆಯದ ಹಲಗೆಯಂತೆ ಬಿದ್ದಿರುತ್ತಿತ್ತು. ಮಗಳು ಆಡಲು ಕಲಿತದ್ದು ಆ ಹೊತ್ತಿನಲ್ಲಿ.

ಯಾರೋ ಬಿಟ್ಟುಹೋದ ಗಾಲ್ಫ್ ಕೋಲನ್ನು ಅಪ್ಪ ಅವಳ ಎತ್ತರಕ್ಕೆ ಕತ್ತರಿಸಿ ಕೊಟ್ಟಿದ್ದರು. ಗ್ರೀನಿನ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸುವ ಹೊಡೆತಕ್ಕೆ ಪಟ್ ಎನ್ನುತ್ತಾರೆ. ಅವಳು ಬರಿಗಾಲಲ್ಲಿ ನಿಂತು ಪಟ್ ಮಾಡುತ್ತಿದ್ದಳು. ಇಬ್ಬನಿಯ ಮೇಲೆ ಚೆಂಡು ಹೋದಲ್ಲೆಲ್ಲ ಕಪ್ಪು ಗೆರೆ ಮೂಡುತ್ತಿತ್ತು. ಇಳಿಜಾರಿದ್ದಲ್ಲಿ ಗೆರೆ ನಿದ್ದೆಯಲ್ಲಿ ಮಗ್ಗುಲು ತಿರುಗಿದಂತೆ ಬಳುಕುತ್ತಿತ್ತು. ಹತ್ತು ಹೊಡೆತಕ್ಕೆ ಹತ್ತು ಗೆರೆ. ಯಾವುದು ಎಲ್ಲಿ ದಾರಿ ತಪ್ಪಿತು ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಎಲ್ಲಿಗೆ ಹೊಡೆದೆ?" ಅಪ್ಪ ದೂರದಿಂದ ಕೇಳುತ್ತಿದ್ದರು.

"ಅಲ್ಲಿಗೆ."

"ಹೋಯ್ತಾ?"

"ಹೋಯ್ತು." ಇಲ್ಲವೆ, "ಇಲ್ಲ ಅಪ್ಪಾ, ಎಡಕ್ಕೆ ಹೋಯ್ತು."

ಸುಳ್ಳು ಹೇಳುವಂತಿರಲಿಲ್ಲ. ಗೆರೆ ಅಲ್ಲೇ ಇರುತ್ತಿತ್ತು. ಆಮೇಲೆ ಅಪ್ಪ ಎರಡು ಆಳುದ್ದದ ಬೆತ್ತ ಹಿಡಿದು ಅರ್ಧಚಂದ್ರಾಕಾರವಾಗಿ ಬೀಸುತ್ತ ಬರುತ್ತಿದ್ದರು. ಬೆತ್ತ ಸವರಿದಲ್ಲಿ ಇಬ್ಬನಿ ಉದುರಿ, ಅವಳ ಗೆರೆಗಳೆಲ್ಲ ಅಳಿಸಿ, ಅಂಗಳ ಹಸಿರಾಗುತ್ತಿತ್ತು. ಸೂರ್ಯ ಬರುವ ಹೊತ್ತಿಗೆ ಏನೂ ನಡೆದಿಲ್ಲವೆಂಬಂತೆ ಇನ್ನೆಲ್ಲೋ ಒಂದು ಕುಳಿ ಬಾಯಿ ತೆರೆದುಕೊಂಡಿರುತ್ತಿತ್ತು.

ಸೋಮವಾರ ಮೈದಾನಕ್ಕೆ ರಜೆ. ಅಂದು ಕೆಲಸಗಾರರ ಮನೆಯವರು ಆಡಬಹುದಿತ್ತು. ಹದಿನಾರನೆಯ ವರ್ಷದ ಒಂದು ಸೋಮವಾರ ಅವಳು ಅಡುಗೆಮನೆಯವರು, ಟ್ರಾಕ್ಟರ್ ಓಡಿಸುವವರು ಎಲ್ಲರನ್ನೂ ಸೋಲಿಸಿ, ಸುಮ್ಮನೆ ನಿಂತು ನೋಡುತ್ತಿದ್ದ ಕ್ಲಬ್ಬಿನ ತರಬೇತುದಾರರ ಜೊತೆಗೂ ಆಡಿ ಸೋಲಿಸಿದಳು. "ಪಟ್ ಮಾಡೋದು ಯಾರು ಹೇಳ್ಕೊಟ್ರಮ್ಮ?" ಎಂದು ಅವರು ಕೇಳಿದಾಗ ಅವಳು ಸ್ವಲ್ಪ ಯೋಚಿಸಿ, "ಇಬ್ಬನಿ" ಎಂದಳು. ಹುಡುಗಿ ತನ್ನನ್ನು ಹಾಸ್ಯ ಮಾಡುತ್ತಿದ್ದಾಳೆಂದು ತರಬೇತುದಾರರು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತಾವೇ ಕರೆದು ಕಲಿಸಲು ಶುರುಮಾಡಿದರು.

ಇಪ್ಪತ್ತೆರಡಕ್ಕೆ ಅವಳು ವೃತ್ತಿಯ ಆಟಗಾರ್ತಿಯಾದಳು. ಆ ಬದುಕು ಹೊರಗಿನವರು ಅಂದುಕೊಂಡಷ್ಟು ಹಸಿರಲ್ಲ. ವಾರಕ್ಕೊಂದು ಊರು, ಊರಿಗೊಂದು ಬಾಡಿಗೆ ಕೋಣೆ, ಕೋಣೆಯ ಬೇಸಿನ್ನಿನಲ್ಲಿ ಕಾಲುಚೀಲ ಒಗೆದು ಕಿಟಕಿಗೆ ನೇತುಹಾಕುವುದು. ಬಸ್ಸಿನಲ್ಲಿ ಕೋಲುಗಳ ಚೀಲಕ್ಕೆ ಕಿಟಕಿ ಪಕ್ಕದ ಸೀಟು, ತನಗೆ ಪಕ್ಕದ್ದು. ಬೆಳಗಿನ ಜಾವ ಎದ್ದಾಗ ಇದು ಯಾವ ಊರು ಎಂದು ನೆನಪಾಗಲು ಒಂದು ನಿಮಿಷ ಬೇಕಾಗುತ್ತಿತ್ತು. ಆದರೆ ಅಭ್ಯಾಸದ ಗ್ರೀನಿಗೆ ಹೋಗಿ ಶೂ ಬಿಚ್ಚಿದರೆ ಪಾದಕ್ಕೆ ತಕ್ಷಣ ಎಲ್ಲ ತಿಳಿಯುತ್ತಿತ್ತು. ಜೊತೆಯ ಆಟಗಾರ್ತಿಯರು ಅವಳಿಗೆ ಬರಿಗಾಲಿ ಎಂದು ಹೆಸರಿಟ್ಟರು.

ಅವಳ ಚೀಲ ಹೊರಲು ಬಂದವಳು ಅತ್ತಿಗೆ, ಅಣ್ಣನ ಹೆಂಡತಿ. ಕ್ಲಬ್ಬಿನ ಟವೆಲ್ಲುಗಳನ್ನು ಒಗೆಯುವ ಕೆಲಸದಲ್ಲಿದ್ದವಳು ಅದನ್ನು ಬಿಟ್ಟು ಬಂದಿದ್ದಳು. ತೋಳಿನಲ್ಲಿ ಬಲವಿತ್ತು, ಬಾಯಿಯಲ್ಲಿ ಅದಕ್ಕಿಂತ ಹೆಚ್ಚು.

"ಇಷ್ಟೇ ಇಷ್ಟು ಚೆಂಡು ಹೊಡೆಯೋಕೆ ಹದಿನಾಲ್ಕು ಕೋಲು! ಮದುವೆಗೆ ಮುಂಚೆ ಯಾರಾದ್ರೂ ಹೇಳಿದ್ರೆ ನಿಮ್ಮ ಮನೆಗೆ ಬರ್ತಾನೇ ಇರ್ಲಿಲ್ಲ ಕಣೇ."

"ಅಣ್ಣ ಹೇಳಿರ್ಲಿಲ್ವಾ ಅತ್ತಿಗೆ?"

"ತಂಗಿ ಆಟ ಆಡ್ತಾಳೆ ಅಂದಿದ್ರು. ನಾನು ಹೊರ್ತೀನಿ ಅಂತ ಹೇಳ್ಲಿಲ್ಲ."

ಹೀಗೆ ಗೊಣಗುತ್ತಲೇ ಅತ್ತಿಗೆ ವರ್ಷಗಟ್ಟಲೆ ಹೊತ್ತಳು. ಬರಿಗಾಲಿ ಎರಡು ಪಂದ್ಯಾವಳಿ ಗೆದ್ದಳು. ಹಲವು ಬಾರಿ ಮೊದಲ ಹತ್ತರೊಳಗೆ ಬಂದಳು. ದೂರದ ಹೊಡೆತದಲ್ಲಿ ಅವಳನ್ನು ಮೀರಿಸುವವರು ಬೇಕಾದಷ್ಟು ಜನ ಇದ್ದರು. ಗ್ರೀನಿನ ಮೇಲೆ ಮಾತ್ರ ಅವಳ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಒಣಗಿದ ಮಧ್ಯಾಹ್ನದಲ್ಲೂ ಅವಳ ಕಣ್ಣಿಗೆ ಹುಲ್ಲಿನ ಮೇಲೆ ಇಬ್ಬನಿ ಇಳಿಯುತ್ತಿತ್ತು, ಅದರೊಳಗೆ ಒಂದು ಕಪ್ಪು ಗೆರೆ. ಅವಳು ಆ ಗೆರೆಯ ಮೇಲೆ ಚೆಂಡನ್ನು ಕಳಿಸುತ್ತಿದ್ದಳು, ಅಷ್ಟೇ. ಗೆರೆಯ ಕೊನೆಯಲ್ಲಿ ಕುಳಿಯಿರುವುದು ಅವಳಿಗೆ ಒಂದು ಹೆಚ್ಚಿನ ಸಂಗತಿಯಾಗಿತ್ತು.

ಮೂವತ್ತಾರನೆಯ ವರ್ಷದಲ್ಲಿ ಹೊಸ ತರಬೇತುದಾರರೊಬ್ಬರನ್ನು ಹಿಡಿದದ್ದು ತಪ್ಪಾಯಿತು. ಅವರು ಕೆಟ್ಟವರೇನಲ್ಲ. ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದರು. ಪ್ರತಿ ಸಂಜೆ ಕುಳಿಯಿಂದ ಒಂದು ಹೆಜ್ಜೆ ದೂರದಲ್ಲಿ ನಿಂತು ಸತತವಾಗಿ ನೂರು ಪಟ್ ಹಾಕಬೇಕು. ತೊಂಬತ್ತೇಳರಲ್ಲಿ ತಪ್ಪಿದರೆ ಮತ್ತೆ ಒಂದರಿಂದ. "ಕುಳಿ ನೋಡು, ಕುಳಿ ಮಾತ್ರ ನೋಡು" ಎಂದರು. ಅವಳು ನೋಡಿದಳು. ಅಷ್ಟು ವರ್ಷ ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ನೋಡನೋಡುತ್ತ ಅದು ಕನಸಿಗೂ ಬಂತು. ಕನಸಿನಲ್ಲಿ ಅದು ಬಾವಿಯಷ್ಟು ಅಗಲ, ಆದರೂ ಚೆಂಡು ಅಂಚಿಗೆ ಹೋಗಿ ನಿಂತು ಒಳಗೆ ಇಣುಕಿ ಹಿಂದೆ ಬರುತ್ತಿತ್ತು.

ಒಂದು ದಿನ ಪಂದ್ಯದಲ್ಲಿ ಮೊಳದಷ್ಟು ದೂರದ ಪಟ್ ಹೊಡೆಯುವಾಗ ಅವಳ ಬಲಗೈ ತಾನಾಗಿ ಎಗರಿತು. ಯಾರೋ ಮೊಣಕೈ ತಟ್ಟಿದಂತೆ. ಚೆಂಡು ಕುಳಿಯನ್ನು ದಾಟಿ ಆಚೆ ಹೋಯಿತು. ಆಟಗಾರ್ತಿಯರು ಆ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದವರಿಗೂ ಹತ್ತುತ್ತದೆಂಬ ಭಯ. "ಬರಿಗಾಲಿಗೆ ಅದು ಬಂದಿದೆಯಂತೆ" ಎಂದಷ್ಟೇ ಬಟ್ಟೆ ಬದಲಿಸುವ ಕೋಣೆಯಲ್ಲಿ ಪಿಸುಮಾತಾಯಿತು, ಅವಳ ಪಕ್ಕದ ಬೆಂಚಿನಲ್ಲಿ ಕೂರುವವರು ಕಡಿಮೆಯಾದರು. ವೈದ್ಯರು ಕೈಯನ್ನು ತಿರುಗಿಸಿ ನೋಡಿ, ಕೈಗೆ ಏನೂ ಆಗಿಲ್ಲ ಎಂದರು. ಎರಡು ಋತು ಮುಗಿಯುವಷ್ಟರಲ್ಲಿ ಅವಳ ಸ್ಥಾನ ಕೆಳಕ್ಕೆ ಜಾರಿ, ಮುಂದಿನ ವರ್ಷ ಆಡುವ ಹಕ್ಕೇ ಹೋಯಿತು.

ಅದನ್ನು ಮರಳಿ ಪಡೆಯಲು ಒಂದು ದಾರಿ ಇತ್ತು, ಅರ್ಹತಾ ಪಂದ್ಯ. ನೂರಿಪ್ಪತ್ತು ಜನ, ನಾಲ್ಕು ದಿನ, ಮೊದಲ ಇಪ್ಪತ್ತೈದರೊಳಗೆ ಬಂದವರಿಗೆ ಒಂದು ವರ್ಷದ ಹಕ್ಕು. ಅವಳಿಗೆ ಆಗ ಮೂವತ್ತೆಂಟು. ಈ ಸಲ ಆಗದಿದ್ದರೆ ಕೋಲುಗಳನ್ನು ಚೀಲದಿಂದ ಹೊರಗೆ ತೆಗೆಯುವುದೇ ಇಲ್ಲ ಎಂದು ಅತ್ತಿಗೆಗೆ ಹೇಳಿದ್ದಳು. ಅತ್ತಿಗೆ ಅಪರೂಪಕ್ಕೆ ಏನೂ ಹಾಸ್ಯ ಮಾಡಲಿಲ್ಲ.

ಆ ವರ್ಷ ಅರ್ಹತಾ ಪಂದ್ಯ ಬಂದದ್ದು ಅಪ್ಪನ ಮೈದಾನಕ್ಕೆ.

ಅಪ್ಪನಿಗೆ ಅರವತ್ತನಾಲ್ಕು ಆಗಿತ್ತು. ಮಗಳು ಚೀಲ ಇಳಿಸಿ ಒಳಗೆ ಬಂದಾಗ ಅವರು ತಮ್ಮ ಹಾಸಿಗೆ ಸುತ್ತುತ್ತಿದ್ದರು.

"ಎಲ್ಲಿಗಪ್ಪಾ?"

"ಶೆಡ್ಡಿಗೆ. ಈ ವಾರ ನಾನು ನಿನ್ನ ಅಪ್ಪ ಅಲ್ಲ. ಕುಳಿ ಎಲ್ಲಿ ಬರುತ್ತೆ ಅಂತ ಅಧಿಕಾರಿಗಳು ಹಿಂದಿನ ಸಂಜೆನೇ ಚುಕ್ಕಿ ಹಾಕಿ ಹೋಗ್ತಾರೆ. ಅಪ್ಪ ಮಗಳಿಗೆ ಹೇಳಿದ ಅಂತ ನಾಳೆ ಯಾರೂ ಅನ್ನಬಾರದು. ದಾರೀಲಿ ಸಿಕ್ಕಿದ್ರೆ ಗುರುತು ಹಿಡೀಬೇಡ."

"ಊಟ?"

"ನಿಮ್ಮಮ್ಮ ತಂದುಕೊಡ್ತಾಳೆ. ಅವಳಿಗೆ ಆಟ ಬರಲ್ಲ, ಪರವಾಗಿಲ್ಲ."

"ಬಾವುಟ ಹೊಲಿದೋಳಿಗೆ ಆಟ ಬರಲ್ವಂತೆ!" ಅಮ್ಮ ಯಂತ್ರ ನಿಲ್ಲಿಸದೆ ಹೇಳಿದಳು.

ಹೊರಡುವ ಮುಂಚೆ ಅಪ್ಪ ಚಹಾ ಬಗ್ಗಿಸಿಕೊಂಡರು. ಅರ್ಧ ಚಹಾ ಲೋಟದ ಹೊರಗೆ ಹೋಯಿತು. ಅವರು ಅದನ್ನು ಗಮನಿಸದೆ ಲೋಟವೆತ್ತಿ ಕುಡಿದರು. ಅಮ್ಮ ಬಟ್ಟೆಯ ತುಂಡಿನಿಂದ ಮೇಜು ಒರೆಸಿದಳು. ಆ ಒರೆಸುವಿಕೆಯಲ್ಲಿ ಬಹಳ ದಿನದ ರೂಢಿಯಿತ್ತು. ಮಗಳು ಅದನ್ನು ನೋಡಿದಳು, ಆದರೆ ಅವಳ ತಲೆಯಲ್ಲಿ ತನ್ನ ಬಲಗೈ ಮಾತ್ರ ಇತ್ತು.

ಮೊದಲ ಮೂರು ದಿನ ಮಂಜಿನೊಳಗೆ ನಡೆದಂತೆ ನಡೆದುಹೋದವು. ಬಾಲ್ಯದ ಪ್ರತಿ ತಿರುವೂ ಗುರುತಿನದೇ, ಆದರೂ ಎಲ್ಲವೂ ಯಾರೋ ಹೇಳಿದ ಕಥೆಯಂತೆ ದೂರವಾಗಿತ್ತು. ಒಮ್ಮೆ ಅಪ್ಪ ಬಕೆಟ್ ಹಿಡಿದು ಎದುರಿಗೆ ಬಂದರು. ಇಬ್ಬರೂ ಗುರುತು ಹಿಡಿಯಲಿಲ್ಲ. ದಾಟಿಹೋದ ಮೇಲೆ, ಅಪ್ಪ ನಿಜವಾಗಿಯೂ ಗುರುತು ಹಿಡಿಯದೆ ಹೋದರೇನೋ ಎಂದು ಅವಳಿಗೆ ಒಂದು ಕ್ಷಣ ಅನಿಸಿತು. ಕೈ ದಿನಕ್ಕೆ ಒಂದೆರಡು ಸಲ ಎಗರಿತು. ದೂರದ ಹೊಡೆತಗಳು ಚೆನ್ನಾಗಿ ಬಿದ್ದದ್ದರಿಂದ ಅವಳು ಹೇಗೋ ಇಪ್ಪತ್ತೈದರ ಅಂಚಿನಲ್ಲಿ ತೂಗಾಡುತ್ತ ಉಳಿದಳು.

ನಾಲ್ಕನೆಯ ದಿನದ ಇಳಿಬಿಸಿಲು. ಹದಿನೆಂಟನೆಯ ಗ್ರೀನ್. ಅವಳ ಚೆಂಡು ಕುಳಿಯಿಂದ ಮೂರು ಹೆಜ್ಜೆ ದೂರದಲ್ಲಿತ್ತು. ಅತ್ತಿಗೆ ಅಂಕಗಳ ಫಲಕದ ಕಡೆ ನೋಡಿ ಬಂದು ಚೀಲ ಇಳಿಸಿದಳು.

"ನನ್ನ ಮುಖ ನೋಡ್ಬೇಡ."

"ನೋಡಿ ಆಯ್ತು. ಹೇಳಿಬಿಡಿ ಅತ್ತಿಗೆ."

"ಇದು ಹೋದ್ರೆ ಇಪ್ಪತ್ತೈದು. ಹೋಗ್ಲಿಲ್ಲ ಅಂದ್ರೆ ಮನೆ."

"ಮನೆ ಇಲ್ಲೇ ಇದೆಯಲ್ಲ."

"ಅದಕ್ಕೇ ಹೇಳ್ತಿರೋದು. ಹತ್ತಿರ ಇದೆ ಅಂತ ಹೋಗ್ಬಿಡಬೇಡ."

ಅವಳು ಚೆಂಡಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತಳು. ಎದುರಿಗೆ ಕುಳಿ, ಕಪ್ಪಗೆ, ಕನಸಿನಲ್ಲಿ ಕಂಡಷ್ಟೇ ಅಗಲ. ಬಲಗೈ ಎಗರದಂತೆ ಎಡಗೈಯಿಂದ ಅದರ ಮಣಿಕಟ್ಟನ್ನು ಹಿಡಿದುಕೊಂಡಳು. ಕುಳಿಯನ್ನು ನೋಡಲಾಗದೆ ಕಣ್ಣು ಕೆಳಗಿಳಿಸಿದಳು. ಆಗ, ಚೆಂಡಿನಿಂದ ಒಂದು ಹೆಜ್ಜೆ ಮುಂದೆ, ಸರಿಯಾಗಿ ಚೆಂಡು ಹೋಗಬೇಕಾದ ದಾರಿಯಲ್ಲಿ, ಉಗುರಿನ ಅಂಚಿನಂತಹ ತೆಳ್ಳಗಿನ ನೆರಳು ಕಾಣಿಸಿತು.

ಅದು ನಿನ್ನೆಯ ಕುಳಿ ಮುಚ್ಚಿದ ಬಿರಡೆ. ಒಂದು ಪಕ್ಕ ಮೇಲೆದ್ದಿತ್ತು. ಚೆಂಡು ಅದರ ಮೇಲೆ ಹೋದರೆ ಕುಪ್ಪಳಿಸಿ ದಾರಿ ಬಿಡುವುದು ಖಂಡಿತ.

ಅತ್ತಿಗೆಯೂ ಬಗ್ಗಿ ನೋಡಿದಳು. ದನಿ ತಗ್ಗಿಸಿ, "ಮಾವ ಹೀಗೆ ಕೂರ್ಸಲ್ಲ" ಎಂದಳು.

"ಇಲ್ಲ."

ನಲವತ್ತು ವರ್ಷ, ದಿನಕ್ಕೆ ಹದಿನೆಂಟು. ಒಂದೂ ಎದ್ದಿರಲಿಲ್ಲ. ಮೇಜಿನ ಮೇಲೆ ಹರಿದ ಚಹಾ, ಅಮ್ಮನ ಬಟ್ಟೆಯ ತುಂಡು, ದಾರಿಯಲ್ಲಿ ಗುರುತು ಹಿಡಿಯದೆ ದಾಟಿದ ಮುಖ, ಎಲ್ಲವೂ ಆ ನೆರಳಿನ ಸುತ್ತ ಬಂದು ನಿಂತವು. ಅವಳಿಗೆ ಒಮ್ಮೆಲೇ ತನ್ನ ಕೈ ಮರೆತುಹೋಯಿತು.

ಹಳೆಯ ಕುಳಿಯ ಬಿರಡೆಯನ್ನು ಆಟಗಾರರು ಒತ್ತಿ ಸರಿಪಡಿಸಲು ನಿಯಮದಲ್ಲಿ ಅವಕಾಶವಿದೆ. ಅವಳು ಮೊಣಕಾಲೂರಿ ಅಂಗೈಯ ಬುಡವನ್ನು ಆ ಅಂಚಿಗೆ ಇಟ್ಟು, ಅಪ್ಪ ಹಿಮ್ಮಡಿಯಿಂದ ಒತ್ತುತ್ತಿದ್ದ ಹಾಗೆ, ಮೈಭಾರವನ್ನೆಲ್ಲ ನಿಧಾನವಾಗಿ ಇಳಿಸಿದಳು. ಮಣ್ಣು ಉಸಿರು ಬಿಟ್ಟಂತೆ ಕೆಳಗೆ ಕೂತಿತು. ಇದು ಇವತ್ತು ಬೆಳಿಗ್ಗೆ ಹದಿನೇಳನೆಯ ಗ್ರೀನಿನಿಂದ ಬಂದ ಮಣ್ಣು. ಅದಕ್ಕೂ ಮುಂಚೆ ಎಲ್ಲೆಲ್ಲಿ ಸುತ್ತಿ ಬಂದಿದೆಯೋ. ಅವಳ ಏಳನೆಯ ವರ್ಷದ ಪಾದದ ಕೆಳಗೂ ಒಮ್ಮೆ ಇದ್ದಿರಬಹುದು.

ಎದ್ದು ನಿಂತಾಗ ಅವಳು ಕುಳಿಯ ಕಡೆ ನೋಡಲಿಲ್ಲ. ಒತ್ತಿದ ಬಿರಡೆಯ ವೃತ್ತವನ್ನಷ್ಟೇ ನೋಡಿದಳು. ಮುಚ್ಚಿದ ಕುಳಿ, ಬಾವುಟವಿಲ್ಲದ ಅಂಗಳ, ಇನ್ನೂ ಬಣ್ಣ ಬಾರದ ಬೆಳಕು. ಒಣಹುಲ್ಲಿನ ಮೇಲೆ ಎರಡು ವರ್ಷದಿಂದ ಬಾರದ ಇಬ್ಬನಿ ಸದ್ದಿಲ್ಲದೆ ಇಳಿಯಿತು. ಅದರಲ್ಲಿ ಗೆರೆ ಇತ್ತು. ಚೆಂಡು ಆ ವೃತ್ತದ ಮೇಲೆ ಹೋಗಬೇಕು, ಅಷ್ಟೇ. ಹೊಡೆದಳು. ವೃತ್ತದ ಮೇಲೆ ಹೋಯಿತು. ಮುಂದೆ ಏನಾಯಿತೆಂದು ಅವಳು ನೋಡಲಿಲ್ಲ, ಕೇಳಿಸಿಕೊಂಡಳು. ಮೊದಲು ಕುಳಿಯ ತಳದಲ್ಲಿ ಟಕ್ ಎಂಬ ಸಣ್ಣ ಸದ್ದು, ಆಮೇಲೆ ಅತ್ತಿಗೆಯ ದೊಡ್ಡ ಸದ್ದು.

ಅಂಕದ ಚೀಟಿಗೆ ಸಹಿ ಹಾಕಿ ಇಬ್ಬರೂ ಶೆಡ್ಡಿಗೆ ನಡೆದರು. ದಾರಿಯಲ್ಲಿ ಅತ್ತಿಗೆ ಅವಳ ತೋಳು ಹಿಡಿದು ನಿಲ್ಲಿಸಿದಳು.

"ಮಾವನ ಹತ್ರ ಬಿರಡೆ ವಿಷಯ ಎತ್ತಬೇಡ. ಇವತ್ತೊಂದಿನ ಖುಷಿಯಾಗಿರ್ಲಿ."

"ಅಪ್ಪ ಕೇಳ್ತಾನೆ ಅತ್ತಿಗೆ."

"ಕೇಳಿದ್ರೆ ಚೆನ್ನಾಗಿತ್ತು ಅನ್ನು. ನಾಲಿಗೆ ಏನು ಸವೆದುಹೋಗಲ್ಲ."

ಅಪ್ಪ ಬಕೆಟ್ ತೊಳೆಯುತ್ತಿದ್ದರು. ಕಾಲ ಸಪ್ಪಳಕ್ಕೇ ಗುರುತು ಹಿಡಿದು, "ಈಗ ಅಪ್ಪ ಆಗ್ಬಹುದಾ?" ಎಂದು ಕೇಳಿದರು. ಅವಳು ನಕ್ಕಳು. ಮಗಳಿಗೆ ಹಕ್ಕು ಮರಳಿ ಸಿಕ್ಕಿದ್ದು ಅವರಿಗೆ ತಿಳಿದಿತ್ತು. ಅತ್ತಿಗೆಯ ಕೂಗು ಶೆಡ್ಡಿನವರೆಗೂ ಬಂದಿತ್ತಂತೆ. ಅವರು ಕೈ ಒರೆಸಿಕೊಂಡು, ನಿರೀಕ್ಷಿಸಿದ ಪ್ರಶ್ನೆಯನ್ನೇ ಕೇಳಿದರು.

"ಕೊನೇದರಲ್ಲಿ ನೆಲ ಹೇಗಿತ್ತು?"

ಅತ್ತಿಗೆ ಹಿಂದಿನಿಂದ ಕೆಮ್ಮಿದಳು.

"ಬಿರಡೆ ಎದ್ದಿತ್ತಪ್ಪಾ" ಎಂದಳು ಮಗಳು. "ನನ್ನ ದಾರೀಲೇ ಇತ್ತು. ಒತ್ತಿದೆ."

ಅಪ್ಪ ಬಕೆಟ್ಟನ್ನು ಬೋರಲು ಹಾಕಿದರು. "ಎಷ್ಟು?"

"ಒಂದು ಉಗುರಿನಷ್ಟು."

ಹಿಮ್ಮಡಿಯಿಂದ ಶೆಡ್ಡಿನ ನೆಲವನ್ನು ಒಮ್ಮೆ ಒತ್ತಿ ನೋಡಿದರು. ಆಮೇಲೆ, "ಕಾಲಿಗೆ ಸರಿ ಅನ್ನಿಸ್ತು. ಮೊದಲು ಕಣ್ಣಲ್ಲೂ ಒಮ್ಮೆ ನೋಡ್ತಿದ್ದೆ, ಈಗ ಕಣ್ಣೆಲ್ಲ ಮಂಜು" ಎಂದರು. ಮತ್ತೊಮ್ಮೆ ಕೈ ಒರೆಸಿಕೊಂಡು, "ಹಾಗಾದ್ರೆ ಸಾಕು. ನಾಳೆ ಕೊರೆಯೋ ಕೊಳವೆ ಒಪ್ಪಿಸಿಬಿಡ್ತೀನಿ. ಬೇರೆ ಯಾರಾದ್ರೂ ಹೇಳಿದ್ರೆ ಜಗಳ ಆಡ್ತಿದ್ದೆ" ಎಂದರು.

ಅತ್ತಿಗೆ ಹಣೆ ಚಚ್ಚಿಕೊಂಡಳು. "ಅಪ್ಪ ಮಗಳು ಇಬ್ಬರೂ ಒಂದೇ ಮಣ್ಣು."

ಬರಿಗಾಲಿ ಆಮೇಲೆ ಆರು ವರ್ಷ ಆಡಿದಳು. ಇನ್ನೊಂದು ಪಂದ್ಯಾವಳಿ ಗೆಲ್ಲಲಿಲ್ಲ, ಆಡುವ ಹಕ್ಕನ್ನೂ ಕಳೆದುಕೊಳ್ಳಲಿಲ್ಲ. ಕೈ ವರ್ಷಕ್ಕೊಮ್ಮೆ ಎಗರಿದರೆ ಬಗ್ಗಿ ಹಳೆಯ ಬಿರಡೆ ಎಲ್ಲಿದೆಯೆಂದು ಹುಡುಕುತ್ತಿದ್ದಳು. ಅಪ್ಪನ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಒಂದು ಕಣ್ಣು ಪರವಾಗಿಲ್ಲ ಅನ್ನುವಷ್ಟು ಮರಳಿತು. ಹೊಸದಾಗಿ ಬಂದ ಮೇಸ್ತ್ರಿ ಎಲ್ಲರಂತೆ ಅಲ್ಲಲ್ಲಿಯ ಮಣ್ಣನ್ನು ಅಲ್ಲಲ್ಲೇ ತುಂಬುತ್ತಾನೆ. ಮಣ್ಣು ಈಗ ನಡೆಯುವುದಿಲ್ಲ.

ಕೊನೆಯ ಸಲ ಅದು ನಡೆದದ್ದು ಪಂದ್ಯ ಮುಗಿದ ಮರುದಿನ. ಬೆಳಗಾಗುವ ಮುಂಚೆ ಅಪ್ಪ ಮಗಳನ್ನು ಎಬ್ಬಿಸಿ, ಗೋಣಿಯಲ್ಲಿ ಸುತ್ತಿದ್ದ ಬಿರಡೆಯನ್ನು ಅವಳ ಕೈಗೆ ಕೊಟ್ಟರು. ಹಿಂದಿನ ದಿನ ಹದಿನೆಂಟನೆಯ ಗ್ರೀನಿನಿಂದ ಎದ್ದದ್ದು. ಅವಳ ಚೆಂಡು ಹೋಗಿ ಬಿದ್ದದ್ದು ಇದು ಬಿಟ್ಟುಬಂದ ಜಾಗಕ್ಕೆ. ತಣ್ಣಗೆ, ಮಲಗಿದ ಕೂಸಿನಷ್ಟು ಭಾರವಾಗಿತ್ತು. ಒಂದನೆಯ ಗ್ರೀನಿನ ಹಳೆಯ ಕುಳಿಯಲ್ಲಿ ಅವಳೇ ಅದನ್ನು ಕೂರಿಸಿ, ಶೂ ಬಿಚ್ಚಿ, ಹಿಮ್ಮಡಿಯಿಂದ ಒತ್ತಿದಳು. ಅಪ್ಪ ಬಗ್ಗಿ ಅಂಗೈಯಿಂದ ಸುತ್ತ ಸವರಿ ನೋಡಿ ತಲೆಯಾಡಿಸಿದರು.

ಬಾವುಟ ಪಕ್ಕದಲ್ಲಿ ಮಲಗಿತ್ತು. ಅಂಗಳ ತುಂಬ ಇಬ್ಬನಿ. ಅವಳು ಒಂದು ಚೆಂಡು ಇಟ್ಟು ಮೆಲ್ಲಗೆ ಹೊಡೆದಳು.

"ಗೆರೆ ಕಾಣಿಸ್ತಾ ಅಪ್ಪಾ?"

"ಬೆಳ್ಳಗೆ ಕಾಣ್ತಿದೆ, ಅಷ್ಟೇ. ನೀನೇ ಹೇಳು. ಎಲ್ಲಿಗೆ ಹೊಡೆದೆ?"

"ಅಲ್ಲಿಗೆ."

"ಹೋಯ್ತಾ?"

"ಇಲ್ಲ ಅಪ್ಪಾ, ಸ್ವಲ್ಪ ಎಡಕ್ಕೆ ಹೋಯ್ತು."

"ಇನ್ನೊಂದು ಹೊಡಿ" ಎಂದು ಅಪ್ಪ ಬೆತ್ತವನ್ನು ಹೆಗಲಿಗೆ ಒರಗಿಸಿಕೊಂಡು, ಬೀಸದೆ ನಿಂತರು.